ಯಾವ ಗಿಡಕ್ಕೆ ಯಾವ ಕುಂಡ? ತಾರಸಿ, ಬಾಲ್ಕನಿ ತೋಟದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ನಮ್ಮ ತಾರಸಿ ಮೇಲೆ ಎರಡು ತುಳಸಿ ಗಿಡ ಇದ್ದವು. ಒಂದೇ ತಾಯಿ ಗಿಡದ ಬೀಜ ಬಿದ್ದು ಹುಟ್ಟಿದವು. ಒಂದೇ ಮಣ್ಣು, ಒಂದೇ ಗೊಬ್ಬರ, ಒಂದೇ ಚೊಂಬಿನ ನೀರು. ಒಂದನ್ನು ಮಣ್ಣಿನ ಕುಂಡದಲ್ಲಿ ನೆಟ್ಟಿದ್ದೆ, ಇನ್ನೊಂದನ್ನು ಪ್ಲಾಸ್ಟಿಕ್ ಕುಂಡದಲ್ಲಿ. ಏಪ್ರಿಲ್ ಬಿಸಿಲಿಗೆ ಮಣ್ಣಿನ ಕುಂಡದ ತುಳಸಿ ಮಧ್ಯಾಹ್ನವಾಗುವಷ್ಟರಲ್ಲಿ ಬಾಡಿ ತಲೆ ಬಾಗಿಸುತ್ತಿತ್ತು. ಪ್ಲಾಸ್ಟಿಕ್ ಕುಂಡದ್ದು ನೆಟ್ಟಗೆ ನಿಂತಿರುತ್ತಿತ್ತು. ಪ್ಲಾಸ್ಟಿಕ್ಕೇ ವಾಸಿ ಅಂದುಕೊಂಡೆ. ಆಮೇಲೆ ಸೆಪ್ಟೆಂಬರ್ ಮಳೆ ಹಿಡಿಯಿತು. ದಿನಗಟ್ಟಲೆ ಬಿಡಲಿಲ್ಲ. ಪ್ಲಾಸ್ಟಿಕ್ ಕುಂಡದ ತುಳಸಿ ಬುಡದಿಂದ ಕಪ್ಪಾಗಿ ಸತ್ತೇ ಹೋಯಿತು. ಮಣ್ಣಿನ ಕುಂಡದ್ದು ಚಿಗುರಿ ನಿಂತಿತು.

ಅವತ್ತಿನಿಂದ "ಯಾವ ಪಾಟ್ ಒಳ್ಳೇದು?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಎಲ್ಲಿಡುತ್ತೀರಿ? ಯಾರು ನೀರು ಹಾಕುತ್ತಾರೆ? ಗಿಡದ ಬೇರು ಎಂಥದ್ದು? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಕುಂಡ ತಾನಾಗಿ ಗೊತ್ತಾಗುತ್ತದೆ. ಬಣ್ಣ, ಚಿತ್ತಾರ ಎಲ್ಲ ಆಮೇಲಿನ ಮಾತು. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಮುಗಿಸಬೇಕಾದ ಕೆಲಸದಿಂದ ಶುರು ಮಾಡೋಣ.

ಹೆಜ್ಜೆ 1: ಕುಂಡ ಇಡುವ ಜಾಗ ನೋಡಿ

ಒಂದು ದಿನ ಸುಮ್ನೆ ಜಾಗ ಗಮನಿಸಿ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಒಮ್ಮೊಮ್ಮೆ ಹೋಗಿ ಬಿಸಿಲು ಎಲ್ಲಿ ಬೀಳುತ್ತಿದೆ ನೋಡಿ. ಪಶ್ಚಿಮದ ಬಿಸಿಲು ಬೀಳುವ ಜಾಗವನ್ನು ಬೇರೆಯಾಗಿ ಗುರುತು ಮಾಡಿಕೊಳ್ಳಿ. ಅಲ್ಲಿ ಸಂಜೆವರೆಗೂ ಕುಂಡದ ಗೋಡೆಗೇ ನೇರವಾಗಿ ಬಿಸಿಲು ಹೊಡೆಯುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಅಂಥ ಜಾಗದಲ್ಲಿಟ್ಟು ಮಧ್ಯಾಹ್ನ ಮುಟ್ಟಿ ನೋಡಿ. ಕೈ ಸುಡುತ್ತದೆ. ಒಳಗೆ ಆ ಗೋಡೆಗೆ ಅಂಟಿಕೊಂಡ ಎಳೆ ಬೇರುಗಳ ಗತಿಯೂ ಅದೇ. ಮಣ್ಣಿನ ಬಿಸಿ 40 ಡಿಗ್ರಿ ದಾಟಿದರೆ ಹೆಚ್ಚಿನ ಗಿಡಗಳ ಬೇರು ಕೆಲಸ ನಿಲ್ಲಿಸುತ್ತದೆ, ಸುಟ್ಟೂ ಹೋಗುತ್ತದೆ. ಎಷ್ಟು ನೀರು ಹಾಕಿದರೂ ಗಿಡ ಬಾಡಿರುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ.

ಮಳೆಯೂ ಊರಿಂದ ಊರಿಗೆ ಬೇರೆ. ನಮ್ಮ ಅತ್ತೆ ಮನೆ ಕುಂದಾಪುರದ ಕಡೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಡಕ್ಕೆ ನೀರು ಹಾಕುವ ಪ್ರಶ್ನೆಯೇ ಇಲ್ಲ. ಕುಂಡದಿಂದ ನೀರು ಹೊರಗೆ ಹೋಗುವುದೇ ದೊಡ್ಡ ಕೆಲಸ. ಕರಾವಳಿ, ಮಲೆನಾಡಿನವರು ಕುಂಡ ಆರಿಸುವಾಗ ಮೊದಲು ತೂತು ನೋಡಬೇಕು, ಆಮೇಲೆ ಉಳಿದದ್ದು. ಅಕ್ಕ ಕಲಬುರಗಿಯಲ್ಲಿದ್ದಾಳೆ. ಅಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮೀರುತ್ತದೆ. ಅವಳ ಸಣ್ಣ ಮಣ್ಣಿನ ಕುಂಡಗಳಿಗೆ ದಿನಕ್ಕೆ ಎರಡು ಸಲ ನೀರು ಬೇಕು. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಕುಂಡದ ಗಾತ್ರ ಒಂದು ಸುತ್ತು ದೊಡ್ಡದು ತೆಗೆದುಕೊಳ್ಳುವುದು ಒಳ್ಳೆಯದು. ಬಣ್ಣ ತಿಳಿಯಾಗಿರಲಿ. ಬೆಂಗಳೂರು, ಮೈಸೂರಿನವರಿಗೆ ಇಂಥ ಅತಿ ಬಿಸಿಲೂ ಇಲ್ಲ, ಅಷ್ಟು ಮಳೆಯೂ ಇಲ್ಲ. ಇಲ್ಲಿ ಬಹುತೇಕ ಎಲ್ಲ ಬಗೆಯ ಕುಂಡವೂ ನಡೆಯುತ್ತದೆ.

ಇನ್ನು ಭಾರ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ದೇಶದ ಕಟ್ಟಡ ನಿಯಮದಲ್ಲಿ ಜನ ಓಡಾಡುವ ಸಮತಟ್ಟು ತಾರಸಿಗೆ ಒಂದು ಚದರ ಮೀಟರ್‌ಗೆ ಸುಮಾರು 150 ಕಿಲೋ ಭಾರ ಅಂತ ಲೆಕ್ಕ ಹಿಡಿಯುತ್ತಾರೆ. ಓಡಾಟ ಇಲ್ಲದ ತಾರಸಿಗೆ ಅದರ ಅರ್ಧ. ಕೆಂಪು ಮಣ್ಣು ತುಂಬಿ ನೀರು ಹಾಕಿದ 18 ಇಂಚಿನ ಒಂದು ಸಿಮೆಂಟ್ ಕುಂಡ ಸುಲಭವಾಗಿ 100 ಕಿಲೋ ಹತ್ತಿರ ಬರುತ್ತದೆ. ಅಂಥ ನಾಲ್ಕನ್ನು ಒಂದೇ ಕಡೆ ಜೋಡಿಸಿದರೆ ಏನಾಗಬಹುದು ಯೋಚಿಸಿ. ದೊಡ್ಡ ಕುಂಡಗಳನ್ನು ಸ್ಲ್ಯಾಬ್‌ನ ನಡುವೆ ಇಡಬೇಡಿ. ಕೆಳಗೆ ಗೋಡೆ, ಬೀಮ್, ಕಂಬ ಇರುವ ಕಡೆ ಅಂಚಿಗೆ ಇಡಿ. ಹಳೆ ಮನೆಯಾದರೆ, ತಾರಸಿ ಆಗಲೇ ಸೋರುತ್ತಿದ್ದರೆ, ಎಂಜಿನಿಯರ್ ಒಬ್ಬರನ್ನು ಕೇಳಿಯೇ ಮುಂದುವರಿಯಿರಿ. ಬಾಲ್ಕನಿಯ ಕಂಬಿಗೆ ನೇತು ಹಾಕುವ ಕುಂಡಗಳನ್ನು ಒಳಮುಖವಾಗಿಯೇ ಹಾಕಿ. ಮೂರನೇ ಮಹಡಿಯಿಂದ ಬೀಳುವ ಒದ್ದೆ ಕುಂಡ ಕೆಳಗೆ ಹೋಗುವವರ ಜೀವಕ್ಕೇ ಕುತ್ತು.

ಹೆಜ್ಜೆ 2: ನೀರು ಹಾಕುವ ಕೈ ಯಾವುದು?

ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನನಗೆ ಮಾತ್ರ ಇದೇ ಮುಖ್ಯ ಅನ್ನಿಸುತ್ತದೆ.

ಕೆಲವರ ಕೈ ಧಾರಾಳ. ಬೆಳಿಗ್ಗೆ ಎದ್ದು ಪೈಪ್ ಹಿಡಿದರೆ ಎಲ್ಲ ಗಿಡಕ್ಕೂ ಸಮನಾಗಿ ನೀರು. ಒದ್ದೆ ಇದೆಯಾ, ಒಣಗಿದೆಯಾ ನೋಡುವುದಿಲ್ಲ. ಪ್ರೀತಿಯಿಂದಲೇ ಹಾಕುತ್ತಾರೆ, ಆದರೆ ಗಿಡ ಕೊಳೆಯುತ್ತದೆ. ಇಂಥ ಮನೆಗೆ ಮಣ್ಣಿನ ಕುಂಡವೇ ಸರಿ. ಹೆಚ್ಚಾದ ತೇವವನ್ನು ಅದರ ಗೋಡೆ ಹೀರಿ ಹೊರಗೆ ಬಿಡುತ್ತದೆ.

ಇನ್ನು ಕೆಲವರಿಗೆ ಪುರುಸೊತ್ತಿಲ್ಲ. ಎರಡು ದಿನಕ್ಕೊಮ್ಮೆ ನೆನಪಾದರೆ ಹೆಚ್ಚು. ವಾರದ ಕೊನೆಗೆ ಊರಿಗೆ ಹೋಗುವವರು ಇದ್ದಾರೆ. ಅವರು ಮಣ್ಣಿನ ಕುಂಡ ಚೆನ್ನಾಗಿದೆ ಅಂತ ತಂದರೆ ಬೇಸಿಗೆಯಲ್ಲಿ ಗಿಡ ಉಳಿಯುವುದಿಲ್ಲ. ಅವರಿಗೆ ಪ್ಲಾಸ್ಟಿಕ್ ಅಥವಾ ಹೊಳಪಿನ ಸೆರಾಮಿಕ್ ಕುಂಡ, ಅದೂ ಸ್ವಲ್ಪ ದೊಡ್ಡದು. ನೀವು ಯಾವ ಗುಂಪು ಅನ್ನುವುದು ನಿಮಗೇ ಗೊತ್ತು, ಅಲ್ವಾ? ಅಭ್ಯಾಸ ಬದಲಾಯಿಸುವುದಕ್ಕಿಂತ ಅಭ್ಯಾಸಕ್ಕೆ ತಕ್ಕ ಕುಂಡ ತರುವುದು ಸುಲಭ.

ಹೆಜ್ಜೆ 3: ಬೇರಿಗೆ ತಕ್ಕ ಗಾತ್ರ

ಅಂಗಡಿಯಲ್ಲಿ ಕುಂಡವನ್ನು ಇಂಚಿನಲ್ಲಿ ಹೇಳುತ್ತಾರೆ. ಅದು ಬಾಯಿಯ ಅಗಲ. ಗಿಡಕ್ಕೆ ಬೇಕಾಗಿರುವುದು ಒಳಗಿನ ಜಾಗ, ಅಂದರೆ ಎಷ್ಟು ಲೀಟರ್ ಮಣ್ಣು ಹಿಡಿಯುತ್ತದೆ ಅನ್ನುವುದು. ಕೆಳಗೆ ಕಿರಿದಾಗುವ ಸಾಮಾನ್ಯ ಕುಂಡದ ಲೆಕ್ಕ ಹೇಳುತ್ತೇನೆ. 8 ಇಂಚಿನದು ಸುಮಾರು 4 ಲೀಟರ್ ಹಿಡಿಯುತ್ತದೆ. 10 ಇಂಚಿನದು 8 ಲೀಟರ್. 12 ಇಂಚಿನದು 15 ಲೀಟರ್. 14 ಇಂಚಿನದು 23 ಲೀಟರ್. 18 ಇಂಚಿನದು 50 ಲೀಟರ್ ಹತ್ತಿರ. ನೋಡಿ, 10ರಿಂದ 12ಕ್ಕೆ ಹೋದರೆ ಬರೀ ಎರಡು ಇಂಚು ಅನ್ನಿಸುತ್ತದೆ. ಒಳಗಿನ ಮಣ್ಣು ಮಾತ್ರ ಹೆಚ್ಚು ಕಡಿಮೆ ಎರಡು ಪಟ್ಟು. ಮನೆಯಲ್ಲಿರುವ ಕುಂಡದ ಅಳತೆ ಬೇಕಿದ್ದರೆ ತೂತಿಗೆ ಬಟ್ಟೆ ತುರುಕಿ, ಒಳಗೊಂದು ಪ್ಲಾಸ್ಟಿಕ್ ಕವರ್ ಹಾಸಿ, ಲೀಟರ್ ಜಗ್‌ನಲ್ಲಿ ನೀರು ಸುರಿದು ಎಣಿಸಿ.

ಈಗ ನಮ್ಮ ಮನೆಗಳಲ್ಲಿ ಬೆಳೆಯುವ ಗಿಡಗಳ ವಿಷಯ.

ಸೊಪ್ಪಿಗೆ ಆಳ ಬೇಡ, ಅಗಲ ಬೇಕು. ಕೊತ್ತಂಬರಿ, ಮೆಂತ್ಯ, ದಂಟು, ಪಾಲಕ್ ಇವಕ್ಕೆ 6ರಿಂದ 8 ಇಂಚು ಆಳದ ಟ್ರೇ ಅಥವಾ ಅಗಲದ ಗ್ರೋಬ್ಯಾಗ್ (ಗಿಡ ಬೆಳೆಸುವ ಚೀಲ) ಸಾಕು. ಮೆಂತ್ಯ 4 ಇಂಚಿನಲ್ಲೂ ಬರುತ್ತದೆ. ಎಷ್ಟು ಅಗಲ ಇದ್ದರೆ ಅಷ್ಟು ಸೊಪ್ಪು. ಬಸಳೆ ಮಾತ್ರ ಬಳ್ಳಿ, ತಿಂಗಳುಗಟ್ಟಲೆ ಇರುತ್ತದೆ. ಅದಕ್ಕೆ 12 ಇಂಚಿನ ಕುಂಡ ಕೊಡಿ.

ತರಕಾರಿಯಲ್ಲಿ ಮೆಣಸಿನಕಾಯಿಗೆ 10ರಿಂದ 12 ಇಂಚು ಸಾಕು. ಟೊಮೆಟೊ, ಬದನೆಗೆ 12 ಇಂಚಿಗಿಂತ ಕಡಿಮೆ ಬೇಡ, 14 ಆದರೆ ಇನ್ನೂ ಒಳ್ಳೆಯದು. ಟೊಮೆಟೊಗೆ ಸಣ್ಣ ಕುಂಡ ಕೊಟ್ಟರೆ ಒಂದು ತೊಂದರೆ ಇದೆ. ಮಣ್ಣು ಒಮ್ಮೆ ಪೂರ್ತಿ ಒಣಗುತ್ತದೆ, ಒಮ್ಮೆ ಪೂರ್ತಿ ನೆನೆಯುತ್ತದೆ. ಈ ಏರುಪೇರಿನಲ್ಲಿ ಸುಣ್ಣದಂಶ ಕಾಯಿಯ ತುದಿಗೆ ತಲುಪುವುದಿಲ್ಲ. ಕಾಯಿಯ ಕೆಳಭಾಗ ಕಪ್ಪಾಗಿ ಕೊಳೆಯುತ್ತದೆ. ಜನ ರೋಗ ಅಂತ ಔಷಧಿ ಹೊಡೆಯುತ್ತಾರೆ. ಎಷ್ಟೋ ಸಲ ಅದಕ್ಕೆ ಮದ್ದು ದೊಡ್ಡ ಕುಂಡ, ಒಂದೇ ಸಮ ನೀರು. ಮೂಲಂಗಿ, ಕ್ಯಾರೆಟ್‌ಗೆ 10ರಿಂದ 12 ಇಂಚು ಆಳ ಬೇಕು. ಶುಂಠಿ, ಅರಿಶಿನ ಅಡ್ಡಡ್ಡ ಹರಡುತ್ತವೆ, ಅವಕ್ಕೆ ಅಗಲ ಬಾಯಿಯ ಕುಂಡ ಅಥವಾ ಚೀಲ.

ಹೂವಿನ ಗಿಡಗಳಲ್ಲಿ ಗುಲಾಬಿಗೆ 12 ಇಂಚು, ದಾಸವಾಳಕ್ಕೆ 14 ಇಂಚು. ಮಲ್ಲಿಗೆಗೆ 12ರಿಂದ 14. ಉಡುಪಿ ಕಡೆ ಶಂಕರಪುರ ಮಲ್ಲಿಗೆಯನ್ನು ತಾರಸಿ ಮೇಲೆ ಕುಂಡದಲ್ಲೇ ಬೆಳೆದು ಮಾರುವವರು ಇದ್ದಾರೆ. ಬಿಸಿಲು ಚೆನ್ನಾಗಿ ಬಿದ್ದು, ನೀರು ನಿಲ್ಲದೆ ಹೋದರೆ ಮಲ್ಲಿಗೆ ಕುಂಡದಲ್ಲಿ ಖುಷಿಯಾಗಿ ಹೂ ಬಿಡುತ್ತದೆ.

ತುಳಸಿಗೆ 8ರಿಂದ 10 ಇಂಚು, ದೊಡ್ಡಪತ್ರೆಗೆ 6ರಿಂದ 8. ಕರಿಬೇವು, ನಿಂಬೆ ಹಾಗಲ್ಲ. ಅವು ನಿಜವಾಗಿ ಮರದ ಜಾತಿ. ಕೊನೆಗೆ 18 ಇಂಚು ಬೇಕೇ ಬೇಕು. ಹಾಗಂತ ಮೊದಲ ದಿನವೇ ಒಂದು ಗೇಣು ಉದ್ದದ ಕರಿಬೇವಿನ ಸಸಿಯನ್ನು 18 ಇಂಚಿನ ಕುಂಡಕ್ಕೆ ಹಾಕಬೇಡಿ. ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು. ಯಾಕೆಂದರೆ ನಾನು ಹೆಚ್ಚು ಗಿಡ ಕಳೆದುಕೊಂಡದ್ದು ಹೀಗೆಯೇ.

ಸಸಿಯ ಬೇರು ಒಂದು ಮುಷ್ಟಿಯಷ್ಟು ಇರುತ್ತದೆ. ಸುತ್ತ 50 ಲೀಟರ್ ಒದ್ದೆ ಮಣ್ಣು. ಆ ಮುಷ್ಟಿ ಬೇರು ಅಷ್ಟು ನೀರು ಕುಡಿಯಲಾರದು. ಮೇಲ್ಮಣ್ಣು ಒಣಗಿದಂತೆ ಕಾಣುತ್ತದೆ, ನಾವು ಮತ್ತೆ ನೀರು ಹಾಕುತ್ತೇವೆ. ಕೆಳಗಿನ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಬೇರಿಗೂ ಉಸಿರಾಟ ಇದೆ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಜಾಗದಲ್ಲಿ ನೀರೇ ತುಂಬಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಹಾಗಾಗಿ ನರ್ಸರಿ ಕವರ್‌ನಲ್ಲಿದ್ದ ಬೇರಿನ ಗಡ್ಡೆಗಿಂತ ಎರಡು ಇಂಚು, ಹೆಚ್ಚೆಂದರೆ ಮೂರು ಇಂಚು ದೊಡ್ಡ ಕುಂಡ ಆರಿಸಿ. ಕರಿಬೇವಿಗೆ ಮೊದಲು 8 ಇಂಚು, ಮುಂದಿನ ವರ್ಷ 12, ಆಮೇಲೆ 18. ಆರು ತಿಂಗಳಲ್ಲಿ ಮುಗಿಯುವ ಟೊಮೆಟೊ, ಬದನೆಗೆ ಈ ನಿಯಮ ಬೇಡ. ಅವು ಬೇಗ ಬೆಳೆದು ಜಾಗ ತುಂಬುತ್ತವೆ. ಅವನ್ನು ನೇರ ದೊಡ್ಡ ಕುಂಡಕ್ಕೇ ಹಾಕಿ.

ಹೆಜ್ಜೆ 4: ಆಕಾರ

ಹೂಜಿಯ ಹಾಗೆ ಹೊಟ್ಟೆ ದಪ್ಪ, ಕತ್ತು ಸಣ್ಣ ಇರುವ ಕುಂಡಗಳು ನೋಡಲು ತುಂಬಾ ಚೆಂದ. ಅಂಥದ್ದರಲ್ಲಿ ನಾನೊಮ್ಮೆ ದಾಸವಾಳ ಬೆಳೆಸಿದ್ದೆ. ಎರಡು ವರ್ಷದ ನಂತರ ಕುಂಡ ಬದಲಾಯಿಸಲು ಹೋದರೆ ಬೇರಿನ ಗಡ್ಡೆ ಹೊರಗೇ ಬರಲಿಲ್ಲ. ಹೊಟ್ಟೆ ತುಂಬ ಬೇರು, ಕತ್ತು ಅದರ ಅರ್ಧ. ಕೊನೆಗೆ ಕುಂಡ ಒಡೆದೇ ಗಿಡ ತೆಗೆದೆ. ಇಂಥ ಕುಂಡದಲ್ಲಿ ಒಂದೇ ಋತುವಿನ ಹೂಗಿಡ ಬೆಳೆಸಿ. ವರ್ಷಾನುಗಟ್ಟಲೆ ಇರುವ ಗಿಡಕ್ಕೆ ಬಾಯಿ ಅಗಲ, ಬುಡ ಸ್ವಲ್ಪ ಕಿರಿದು ಇರುವ ಹಳೆಯ ಮಾದರಿಯೇ ಸರಿ. ತಲೆಕೆಳಗೆ ಮಾಡಿ ತಟ್ಟಿದರೆ ಗಿಡ ಇಡಿಯಾಗಿ ಜಾರಿ ಬರುತ್ತದೆ.

ಗಾಳಿ ಜೋರಾಗಿ ಬೀಸುವ ಮಹಡಿಯಲ್ಲಿ ಬುಡ ತೀರಾ ಕಿರಿದಾದ ಕುಂಡ ಉರುಳುತ್ತದೆ. ಅಲ್ಲಿ ಚೌಕ ಅಥವಾ ಅಗಲ ಬುಡದ್ದು ತನ್ನಿ. ಅಡೇನಿಯಂ, ಕ್ಯಾಕ್ಟಸ್‌ಗೆ ಅಗಲವಾದ, ಹೆಚ್ಚು ಆಳ ಇಲ್ಲದ ಮಣ್ಣಿನ ಕುಂಡ ಒಳ್ಳೆಯದು. ಆರ್ಕಿಡ್‌ಗೆ ಪಕ್ಕದಲ್ಲೆಲ್ಲ ತೂತಿರುವ ಕುಂಡ ಸಿಗುತ್ತದೆ, ಇದ್ದಿಲು ಮತ್ತು ಇಟ್ಟಿಗೆ ಚೂರು ತುಂಬಲು.

ಹೆಜ್ಜೆ 5: ಯಾವುದರಿಂದ ಮಾಡಿದ ಕುಂಡ?

ಮಣ್ಣಿನ ಕುಂಡ ನನಗೆ ಎಲ್ಲಕ್ಕಿಂತ ಇಷ್ಟ. ನೀರಿನ ಮಡಕೆ ಯಾಕೆ ತಣ್ಣಗಿರುತ್ತದೆ ಅಂತ ನಮಗೆಲ್ಲ ಗೊತ್ತು. ಗೋಡೆಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ, ಹಾಗೆ ಹೋಗುವಾಗ ಬಿಸಿಯನ್ನೂ ಕೊಂಡೊಯ್ಯುತ್ತದೆ. ಕುಂಡದಲ್ಲೂ ನಡೆಯುವುದು ಅದೇ. ಬೇರು ತಂಪಾಗಿರುತ್ತದೆ, ಅದಕ್ಕೆ ಗಾಳಿಯೂ ಸಿಗುತ್ತದೆ. ಇದಕ್ಕೆ ನಾವು ತೆರಬೇಕಾದ ಬೆಲೆ ಎಂದರೆ ನೀರು ಜಾಸ್ತಿ ಬೇಕು.

ಕೊಳ್ಳುವಾಗ ಕುಂಡವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಅಂದರೆ ಚೆನ್ನಾಗಿ ಬೆಂದಿದೆ. ದಬ್ ಅಂದರೆ ಸರಿಯಾಗಿ ಬೆಂದಿಲ್ಲ, ಅಥವಾ ಎಲ್ಲೋ ಬಿರುಕಿದೆ. ಸರಿಯಾಗಿ ಬೇಯದ ಕುಂಡ ಎರಡು ಮಳೆಗಾಲ ಕಾಣುವುದಿಲ್ಲ, ಪದರ ಪದರವಾಗಿ ಉದುರುತ್ತದೆ. ಗೋಡೆಯಲ್ಲಿ ಬಿಳಿ ಸುಣ್ಣದ ಕಲ್ಲಿನ ಚುಕ್ಕೆ ಇದೆಯಾ ನೋಡಿ. ಅಂಥ ಕಲ್ಲು ನೀರು ಹೀರಿ ಉಬ್ಬಿ, ಸುತ್ತಲಿನ ಮಣ್ಣನ್ನು ಚಕ್ಕೆ ಎಬ್ಬಿಸುತ್ತದೆ. ಬುಡ ಸಮ ಇದೆಯಾ ಅಂತ ನೆಲದ ಮೇಲಿಟ್ಟು ಅಲ್ಲಾಡಿಸಿ ನೋಡಿ. ಬೆಂಗಳೂರಿನವರು ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ಗೆ ಒಮ್ಮೆ ಹೋಗಿ ಬನ್ನಿ. ಕುಂಬಾರರ ಕೈಯಿಂದಲೇ ಆರಿಸಿ ತರಬಹುದು. ಬೆಳಗಾವಿ ಜಿಲ್ಲೆಯ ಖಾನಾಪುರದ ಮಣ್ಣೂ ಕುಂಬಾರಿಕೆಗೆ ಹೆಸರಾದದ್ದು.

ಮಣ್ಣಿನ ಕುಂಡಕ್ಕೆ ಹೊರಗೆ ಆಯಿಲ್ ಪೇಂಟ್ ಬಳಿಯುವವರು ತುಂಬಾ ಜನ. ಬಳಿದ ಕ್ಷಣಕ್ಕೆ ಆ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಅದು ಭಾರದ ಪ್ಲಾಸ್ಟಿಕ್ ಕುಂಡವಾಯಿತು ಅಷ್ಟೇ. ಬಣ್ಣ ಬೇಕೇ ಬೇಕೆಂದರೆ ನಮ್ಮ ಹಿರಿಯರ ಕೆಮ್ಮಣ್ಣಿನ ಸಾರಣೆ ಮಾಡಿ. ಅದು ಗೋಡೆಯ ಉಸಿರು ಕಟ್ಟಿಸುವುದಿಲ್ಲ. ಬೋರ್‌ವೆಲ್ ನೀರು ಹಾಕುವವರ ಕುಂಡದ ಹೊರಗೆ ಬಿಳಿ ಪುಡಿ ಕಟ್ಟುತ್ತದೆ. ಅದು ನೀರಿನ ಉಪ್ಪಿನಂಶ. ಒರಟು ಬ್ರಷ್‌ನಿಂದ ತಿಕ್ಕಿದರೆ ಹೋಗುತ್ತದೆ.

ಪ್ಲಾಸ್ಟಿಕ್ ಕುಂಡ ಹಗುರ, ಅಗ್ಗ, ನೀರು ಉಳಿಸುತ್ತದೆ. ತಾರಸಿಯ ಭಾರದ ಚಿಂತೆ ಇರುವವರಿಗೆ ಇದೇ ಒಳ್ಳೆಯದು. ಅಂಚನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ. ಸ್ವಲ್ಪ ಬಾಗಿ ವಾಪಸ್ ಬರಬೇಕು. ಚಿರ್ ಅಂತ ಸದ್ದು ಬಂದರೆ, ಬಿಳಿ ಗೆರೆ ಮೂಡಿದರೆ ಬಿಡಿ. ಬಿಸಿಲಿನ ಅತಿನೇರಳೆ ಕಿರಣ ತಡೆಯುವಂತೆ ತಯಾರಿಸಿದ್ದು ಅಂತ ಬರೆದಿದ್ದರೆ ಒಳ್ಳೆಯದು. ನರ್ಸರಿಯ ತೆಳ್ಳನೆ ಕಪ್ಪು ಕುಂಡಗಳು ಒಂದೆರಡು ಬೇಸಿಗೆಗೆ ಪುಡಿಯಾಗುತ್ತವೆ. ಬಿಸಿಲಲ್ಲಿ ಇಡುವುದಾದರೆ ಬಿಳಿ, ಕೆನೆ, ತಿಳಿ ಕಂದು ಬಣ್ಣ ಆರಿಸಿ. ಕಪ್ಪು ಕುಂಡ ಆಗಲೇ ಮನೆಯಲ್ಲಿದ್ದರೆ ಬಿಸಾಡಬೇಡಿ. ಅದನ್ನು ಸ್ವಲ್ಪ ದೊಡ್ಡ ಮಣ್ಣಿನ ಕುಂಡದೊಳಗೆ ಕೂರಿಸಿ, ಅಥವಾ ಪಶ್ಚಿಮದ ಬದಿಗೆ ಗೋಣಿ ತಾಟು ಸುತ್ತಿ.

ಗ್ರೋಬ್ಯಾಗ್ ತರಕಾರಿಗೆ ಹೇಳಿ ಮಾಡಿಸಿದ್ದು. ಎರಡು ಬಗೆ ಸಿಗುತ್ತದೆ. ಒಂದು ನೇಯ್ದ ಪ್ಲಾಸ್ಟಿಕ್‌ನದು, ಹಸಿರು ಬಣ್ಣದ್ದು ಹೆಚ್ಚು. ಇದರ ದಪ್ಪವನ್ನು ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ತೂಕ ಅನ್ನುವ ಲೆಕ್ಕದಲ್ಲಿ, ಅಂದರೆ ಜಿಎಸ್‌ಎಂನಲ್ಲಿ ಹೇಳುತ್ತಾರೆ, 220ಕ್ಕಿಂತ ಮೇಲಿನದನ್ನೇ ಕೇಳಿ. ಇನ್ನೊಂದು ದಪ್ಪ ಬಟ್ಟೆಯಂಥದ್ದು. ಇದರಲ್ಲಿ ಒಂದು ಒಳ್ಳೆಯ ಗುಣ ಇದೆ. ಗಟ್ಟಿ ಗೋಡೆಯ ಕುಂಡದಲ್ಲಿ ಬೇರು ಗೋಡೆಗೆ ತಾಗಿ ಸುತ್ತು ಹಾಕುತ್ತಾ ಹೋಗುತ್ತದೆ. ಬಟ್ಟೆ ಚೀಲದಲ್ಲಿ ಬೇರಿನ ತುದಿ ಅಂಚಿಗೆ ಬಂದು ಗಾಳಿ ತಾಗಿ ಒಣಗುತ್ತದೆ. ಆಗ ಹಿಂದಿನಿಂದ ಹೊಸ ಬೇರು ಕವಲೊಡೆಯುತ್ತದೆ. ಗಿಡಕ್ಕೆ ಬೇರಿನ ಸಂಖ್ಯೆ ಹೆಚ್ಚು ಸಿಗುತ್ತದೆ. ಆದರೆ ಬೇಗ ಒಣಗುತ್ತದೆ, ನೆಲಕ್ಕೆ ಕಲೆ ಬೀಳುತ್ತದೆ. ಹಿಡಿ ಇಲ್ಲದ ಚೀಲ ತರಬೇಡಿ. ಒಮ್ಮೆ ಮಣ್ಣು ತುಂಬಿದ ಮೇಲೆ ಎಳೆದಾಡಿದರೆ ಒಳಗಿನ ಬೇರು ಹರಿಯುತ್ತದೆ.

ಸಿಮೆಂಟ್ ಕುಂಡ ನೆಲದ ಮೇಲಿನ ಅಂಗಳಕ್ಕೆ, ಗೇಟಿನ ಪಕ್ಕಕ್ಕೆ ಸರಿ. ಹೊಸ ಸಿಮೆಂಟ್ ಕುಂಡದಿಂದ ಸುಣ್ಣದಂಶ ಬಿಡುತ್ತದೆ. ಒಂದು ವಾರ ನೀರು ತುಂಬಿ, ದಿನಾ ಆ ನೀರು ಚೆಲ್ಲಿ, ಮತ್ತೆ ತುಂಬಿ. ಆಮೇಲೆ ಗಿಡ ನೆಡಿ. ಕೇಪಳ, ಹೈಡ್ರೇಂಜಿಯಾದಂಥ ಹುಳಿ ಮಣ್ಣು ಬಯಸುವ ಗಿಡಗಳನ್ನು ಇದರಲ್ಲಿ ಬೆಳೆಸಬೇಡಿ, ಎಲೆ ಹಳದಿಯಾಗುತ್ತದೆ.

ಸೆರಾಮಿಕ್ ಕುಂಡದ ಹೊಳಪಿನ ಲೇಪ ನೀರು ಬಿಡುವುದಿಲ್ಲ. ನೀರಿನ ಲೆಕ್ಕದಲ್ಲಿ ಅದು ಪ್ಲಾಸ್ಟಿಕ್‌ನ ಅಣ್ಣ. ಬಹಳಷ್ಟಕ್ಕೆ ತೂತೇ ಇರುವುದಿಲ್ಲ. ಗಿಡ ಇರುವ ಸಣ್ಣ ಪ್ಲಾಸ್ಟಿಕ್ ಕುಂಡವನ್ನು ಅದರೊಳಗೆ ಇಳಿಸಿ ಇಡಿ, ನೀರು ಹಾಕುವಾಗ ಹೊರಗೆ ತೆಗೆಯಿರಿ.

ಹಳೆ ಸಾಮಾನಿನಲ್ಲೂ ಒಳ್ಳೆಯ ಕುಂಡಗಳಿವೆ. 20 ಲೀಟರ್‌ನ ಪೇಂಟ್ ಬಕೆಟ್ ಟೊಮೆಟೊಗೆ ಸರಿಯಾದ ಅಳತೆ. ನೀರಿನಲ್ಲಿ ಕರಗುವ ಪೇಂಟ್ ಇದ್ದದ್ದನ್ನು ಮಾತ್ರ ತೆಗೆದುಕೊಂಡು ಚೆನ್ನಾಗಿ ಕೆರೆದು ತೊಳೆಯಿರಿ. ಹಣ್ಣಿನ ಅಂಗಡಿಯ ಥರ್ಮೋಕೋಲ್ ಪೆಟ್ಟಿಗೆ ಸೊಪ್ಪಿಗೆ ಚೆನ್ನ. ಹಗುರ, ಬಿಸಿಯನ್ನೂ ಒಳಗೆ ಬಿಡುವುದಿಲ್ಲ. ಎಳನೀರಿನ ಬುರುಡೆಯಲ್ಲಿ ಸಸಿ ಎಬ್ಬಿಸಬಹುದು. ಎಣ್ಣೆ ಡಬ್ಬ ಬಿಸಿಲಿಗೆ ಕಾಯುತ್ತದೆ, ತುಕ್ಕು ಹಿಡಿಯುತ್ತದೆ, ನೆರಳಿನ ಜಾಗಕ್ಕೆ ಮಾತ್ರ ಇರಲಿ. ಕೀಟನಾಶಕ, ರಾಸಾಯನಿಕ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ತಿನ್ನುವ ಗಿಡಕ್ಕೆ ಬೇಡ.

ಹೆಜ್ಜೆ 6: ತೂತು, ಮತ್ತು ಜಲ್ಲಿಯ ವಿಷಯ

ತೂತಿಲ್ಲದ ಕುಂಡದಲ್ಲಿ ನೇರವಾಗಿ ಗಿಡ ನೆಡಬೇಡಿ. 8 ಇಂಚಿನ ಕುಂಡಕ್ಕೆ ಅರ್ಧ ಇಂಚಿನ ಒಂದು ತೂತು ಸಾಕು. 12 ಇಂಚಿಗೆ ಮೂರರಿಂದ ಐದು ಬೇಕು. ಕರಾವಳಿಯವರು ಪ್ಲಾಸ್ಟಿಕ್ ಕುಂಡದ ಬುಡದಿಂದ ಒಂದು ಇಂಚು ಮೇಲೆ, ಪಕ್ಕದ ಗೋಡೆಯಲ್ಲೂ ನಾಲ್ಕು ತೂತು ಕೊರೆಯಿರಿ. ತಳದ್ದು ಮುಚ್ಚಿದರೂ ಪಕ್ಕದ್ದು ಕೆಲಸ ಮಾಡುತ್ತದೆ. ಸೆರಾಮಿಕ್ ಕೊರೆಯಲು ಟೈಲ್ಸ್ ಕೊರೆಯುವ ಬಿಟ್ ಬೇಕು. ಅವಸರ ಮಾಡದೆ, ನೀರು ಬಿಡುತ್ತಾ ಕೊರೆಯಬೇಕು.

ಈಗ ಜಲ್ಲಿ. ತಳದಲ್ಲಿ ಎರಡು ಇಂಚು ಜಲ್ಲಿ ಅಥವಾ ಹೆಂಚಿನ ಚೂರು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ವರ್ಷಗಟ್ಟಲೆ ಹಾಕಿದ್ದೇನೆ. ಒಂದು ಪ್ರಯೋಗ ಮಾಡಿ ನೋಡಿದ ಮೇಲೆ ಬಿಟ್ಟೆ. ನೀವೂ ಮಾಡಿ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಪೂರ್ತಿ ನೆನೆಸಿ, ಹಿಂಡದೆ ಅಂಗೈ ಮೇಲೆ ಅಡ್ಡ ಹಿಡಿಯಿರಿ. ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ನಿಂತ ಮೇಲೆ ಅದನ್ನೇ ಉದ್ದಕ್ಕೆ ನೆಟ್ಟಗೆ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ!

ಕುಂಡದ ಮಣ್ಣೂ ಸ್ಪಂಜಿನ ಹಾಗೆಯೇ. ಎಷ್ಟೇ ತೂತಿದ್ದರೂ ಮಣ್ಣಿನ ತಳದಲ್ಲಿ ಕೆಲವು ಸೆಂಟಿಮೀಟರ್ ಎತ್ತರದ ಒಂದು ಪದರ ನೀರು ತುಂಬಿಕೊಂಡೇ ನಿಲ್ಲುತ್ತದೆ. ಆ ಎತ್ತರವನ್ನು ತೀರ್ಮಾನ ಮಾಡುವುದು ಮಣ್ಣು ಎಷ್ಟು ನಯ ಅನ್ನುವುದು. ನಯವಾದ ಮಣ್ಣಿನಿಂದ ನೀರು ದಪ್ಪ ಜಲ್ಲಿಗೆ ಸುಮ್ಮನೆ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬಿದ ಮೇಲೆಯೇ ಇಳಿಯುತ್ತದೆ. ಅಂದರೆ ಜಲ್ಲಿ ಹಾಕಿದರೆ ಆ ಒದ್ದೆ ಪದರ ಹೋಗುವುದಿಲ್ಲ, ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರುತ್ತದೆ. ಜಾಗವೂ ಎರಡು ಇಂಚು ನಷ್ಟ, ತಾರಸಿಗೆ ಭಾರವೂ ಜಾಸ್ತಿ.

ಕುಂಡ ಆರಿಸುವಾಗ ಇದರಿಂದ ಒಂದು ದೊಡ್ಡ ಉಪಯೋಗ ಇದೆ. ಒಂದೇ ಮಣ್ಣು ತುಂಬಿದರೆ, ಎತ್ತರದ ಕುಂಡದಲ್ಲಿ ಒದ್ದೆ ಪದರದ ಮೇಲೆ ಬೇರಿಗೆ ಹೆಚ್ಚು ಗಾಳಿಯಾಡುವ ಜಾಗ ಸಿಗುತ್ತದೆ. ಗಿಡ್ಡ ಕುಂಡದಲ್ಲಿ ಹೆಚ್ಚಿನ ಮಣ್ಣು ಒದ್ದೆಯೇ ಇರುತ್ತದೆ. ಹಾಗಾಗಿ ಮಳೆ ಜಾಸ್ತಿ ಇರುವ ಊರಿನವರು ಎತ್ತರದ ಕುಂಡ ಆರಿಸಿ. ಅಡೇನಿಯಂಗೆ ಗಿಡ್ಡ ಕುಂಡ ಅಂತ ಮೇಲೆ ಹೇಳಿದೆನಲ್ಲ, ಅದರಲ್ಲಿ ತುಂಬುವ ಮಿಶ್ರಣದಲ್ಲಿ ದಪ್ಪ ಮರಳು, ಇಟ್ಟಿಗೆ ಚೂರು ಅರ್ಧದಷ್ಟಾದರೂ ಇರಬೇಕು. ಬಸಿಯುವ ಗುಣ ಇಡೀ ಮಿಶ್ರಣದಲ್ಲಿ ಇರಬೇಕಾದದ್ದು. ಜಲ್ಲಿ ಪದರಕ್ಕೆ ಖರ್ಚು ಮಾಡುವ ಬದಲು ಮಣ್ಣಿಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಮರಳು, ಭತ್ತದ ಹೊಟ್ಟು ಸೇರಿಸಿ.

ತೂತಿನ ಮೇಲೆ ಒಂದು ಹೆಂಚಿನ ಚೂರು ಕವುಚಿ ಇಡುವುದು ತಪ್ಪಲ್ಲ. ಅದು ಮಣ್ಣು ಸೋರದಂತೆ ತಡೆಯುತ್ತದೆ. ನಾನು ಈಗ ಹಳೆ ಸೊಳ್ಳೆ ಪರದೆಯ ತುಂಡು ಹಾಕುತ್ತೇನೆ. ಮಣ್ಣು ನಿಲ್ಲುತ್ತದೆ, ನೀರು ಹೋಗುತ್ತದೆ, ಇರುವೆಯೂ ಸುಲಭಕ್ಕೆ ಒಳಗೆ ಬರುವುದಿಲ್ಲ.

ಹೆಜ್ಜೆ 7: ಕೆಳಗೆ ಏನಿಡಬೇಕು?

ಕುಂಡವನ್ನು ನೆಲಕ್ಕೆ ಅಂಟಿಸಿ ಇಟ್ಟರೆ ತೂತು ಮುಚ್ಚಿದಂತೆಯೇ. ಮೂರು ಇಟ್ಟಿಗೆ ತುಂಡು ಅಥವಾ ಹೆಂಚಿನ ತುಂಡು ಕೊಟ್ಟು ಒಂದು ಇಂಚು ಎತ್ತರಿಸಿ. ಬೇರು ತಾರಸಿಯ ಬಿರುಕಿಗೆ ಇಳಿಯುವುದೂ ತಪ್ಪುತ್ತದೆ, ಕೆಳಗೆ ಗುಡಿಸಲೂ ಆಗುತ್ತದೆ.

ತಟ್ಟೆ ಇಡುವವರು ಜಾಗ್ರತೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಡ, ಇಂಥ ತಟ್ಟೆಯ ತಿಳಿ ನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ತಟ್ಟೆ ಒಣಗಿದರೂ ಅಂಚಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಮನೆಯಲ್ಲಿ ನೀರು ನಿಲ್ಲಿಸಿ ಸೊಳ್ಳೆ ಬೆಳೆಯಲು ಬಿಟ್ಟರೆ ದಂಡ ಹಾಕುವ ನಿಯಮವನ್ನು ಕರ್ನಾಟಕ ಸರ್ಕಾರ 2024ರಲ್ಲಿ ತಂದಿದೆ. ನಮ್ಮ ಬೀದಿಯಲ್ಲಿ ಒಂದೇ ಮಳೆಗಾಲದಲ್ಲಿ ನಾಲ್ಕು ಮನೆಯ ಮಕ್ಕಳು ಜ್ವರದಲ್ಲಿ ಮಲಗಿದ್ದನ್ನು ನೋಡಿದ ಮೇಲೆ ನಾನು ತಾರಸಿಯ ತಟ್ಟೆಗಳನ್ನೆಲ್ಲ ತೆಗೆದುಬಿಟ್ಟೆ. ಮನೆಯೊಳಗಿನ ಕುಂಡಕ್ಕೆ ತಟ್ಟೆ ಬೇಕಾಗುತ್ತದೆ. ನೀರು ಹಾಕಿದ ಅರ್ಧ ಗಂಟೆಗೆ ಚೆಲ್ಲಿಬಿಡಿ. ವಾರಕ್ಕೊಮ್ಮೆ ಅಂಚನ್ನು ತಿಕ್ಕಿ ತೊಳೆಯಿರಿ.

ಹೆಜ್ಜೆ 8: ತಂದ ಕುಂಡವನ್ನು ಸಿದ್ಧ ಮಾಡುವುದು, ಬದಲಾಯಿಸುವುದು

ಹೊಸ ಮಣ್ಣಿನ ಕುಂಡವನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ. ಹಾಗೆ ಮಾಡದಿದ್ದರೆ ಒಣ ಗೋಡೆ ನೀವು ಹಾಕಿದ ಮೊದಲ ನೀರನ್ನೆಲ್ಲ ತಾನೇ ಕುಡಿಯುತ್ತದೆ. ಮಣ್ಣು ತುಂಬುವಾಗ ಮೇಲೆ ಒಂದು ಇಂಚು ಬಿಡಿ, ದೊಡ್ಡ ಕುಂಡಕ್ಕೆ ಎರಡು ಇಂಚು. ಕಂಠದವರೆಗೆ ತುಂಬಿದರೆ ನೀರು ಇಂಗುವ ಮೊದಲೇ ಹೊರಗೆ ಹರಿಯುತ್ತದೆ.

ಕುಂಡ ಸಾಲದಾಗಿದೆ ಅಂತ ಗಿಡವೇ ಹೇಳುತ್ತದೆ. ತೂತಿನಿಂದ ಬೇರು ಇಣುಕುತ್ತದೆ. ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಇರುವುದಿಲ್ಲ. ಹೊಸ ಎಲೆ ಸಣ್ಣದಾಗುತ್ತಾ ಬರುತ್ತದೆ. ಸರ್ಪದ ಗಿಡದ (ಸ್ನೇಕ್ ಪ್ಲಾಂಟ್) ಗಡ್ಡೆಯಂತೂ ತೆಳು ಪ್ಲಾಸ್ಟಿಕ್ ಕುಂಡವನ್ನು ಒಡೆದೇ ಹೊರಗೆ ಬರುತ್ತದೆ. ಬದಲಾಯಿಸಲು ಜೂನ್ ಒಳ್ಳೆಯ ಸಮಯ, ಮೋಡ ಕವಿದು ತಂಪಾಗಿರುವ ಸಂಜೆ ಇನ್ನೂ ಒಳ್ಳೆಯದು. ಏಪ್ರಿಲ್ ಬಿಸಿಲಲ್ಲಿ ಬೇರು ಮುಟ್ಟಬೇಡಿ. ಹಿಂದಿನ ದಿನ ನೀರು ಹಾಕಿ, ಕುಂಡವನ್ನು ಅಡ್ಡ ಮಲಗಿಸಿ, ಸುತ್ತ ತಟ್ಟಿ ಗಿಡ ಜಾರಿಸಿ. ಬೇರು ಗಡ್ಡೆಯ ಸುತ್ತ ಹಗ್ಗದ ಹಾಗೆ ಸುತ್ತಿಕೊಂಡಿದ್ದರೆ ಬೆರಳಿಂದ ಬಿಡಿಸಿ. ತೀರಾ ಗಟ್ಟಿಯಾಗಿದ್ದರೆ ಚಾಕುವಿನಿಂದ ಮೂರು ಕಡೆ ಉದ್ದಕ್ಕೆ ತೆಳ್ಳಗೆ ಗೀರಿ. ನೆಟ್ಟ ಮೇಲೆ ಒಂದು ವಾರ ನೆರಳಲ್ಲಿಡಿ.

ದೊಡ್ಡ ಕುಂಡ ಇಡಲು ಜಾಗ ಇಲ್ಲದಿದ್ದರೆ ಅದೇ ಕುಂಡಕ್ಕೆ ವಾಪಸ್ ಹಾಕಬಹುದು. ಬೇರಿನ ಗಡ್ಡೆಯ ಸುತ್ತ ಒಂದು ಇಂಚು ಕತ್ತರಿಸಿ, ಮೇಲೆ ಕೊಂಬೆಗಳನ್ನೂ ಅಷ್ಟೇ ಪ್ರಮಾಣದಲ್ಲಿ ಸವರಿ, ಹೊಸ ಮಣ್ಣು ಕೊಡಿ. ನಮ್ಮ ಕರಿಬೇವು ಎಂಟು ವರ್ಷದಿಂದ ಒಂದೇ 18 ಇಂಚಿನ ಕುಂಡದಲ್ಲಿದೆ, ಎರಡು ವರ್ಷಕ್ಕೊಮ್ಮೆ ಈ ಕೆಲಸ ಮಾಡುತ್ತೇನೆ.

ಖಾಲಿಯಾದ ಹಳೆ ಕುಂಡವನ್ನು ಮಣ್ಣು ಕೆರೆದು ಸೋಪಿನ ನೀರಲ್ಲಿ ತಿಕ್ಕಿ ತೊಳೆಯಿರಿ. ಅದರಲ್ಲಿದ್ದ ಗಿಡ ಬೇರು ಕೊಳೆತು ಸತ್ತಿದ್ದರೆ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಮತ್ತೆ ಒಳ್ಳೆಯ ನೀರಲ್ಲಿ ಚೆನ್ನಾಗಿ ತೊಳೆದು ಎರಡು ದಿನ ಬಿಸಿಲಿಗೆ ಹಾಕಿ. ಒಣಗಿದ ಮೇಲೆ ಒಂದರೊಳಗೊಂದು ತುರುಕಬೇಡಿ, ಮಣ್ಣಿನವು ಸಿಕ್ಕಿಕೊಂಡು ಬಿರಿಯುತ್ತವೆ. ನಡುವೆ ಹಳೆ ಪೇಪರ್ ಕೊಟ್ಟು, ಬೋರಲು ಹಾಕಿ, ಮಳೆ ನೀರು ನಿಲ್ಲದ ಮೂಲೆಯಲ್ಲಿಡಿ.